ಆ ಒಂದು ನಿಮಿಷಕ್ಕೆ ಸಿದ್ಧವಿರುವ ಕೈಗಳು

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ವಿದ್ಯಾಸಂಸ್ಥೆಯೊಂದರ ವೇದಿಕೆಯಲ್ಲಿ ಹೆರಿಗೆಯ ವಿಷಯ ಮಾತನಾಡಲು ಬಂದಿದ್ದೇನೆ. ಇದು ಹೆಂಗಸರು ಒಳಮನೆಯಲ್ಲಿ ಆಡಿಕೊಳ್ಳುವ ಮಾತಲ್ಲವೇ ಎಂದು ಕೆಲವು ಹಿರಿಯರಿಗೆ ಅನಿಸಬಹುದು. ಆದರೆ ಹೆರಿಗೆಯ ಹೊತ್ತಿನಲ್ಲಿ ತಾಯಿ ಮಗು ಉಳಿಯುವುದು ಬಹುಮಟ್ಟಿಗೆ ವಿದ್ಯೆಯ ಪ್ರಶ್ನೆ. ಎದುರಿಗೆ ನಿಂತಿರುವ ನರ್ಸಮ್ಮನ ಕೈ ಏನನ್ನು ಕಲಿತಿದೆ, ಕಲಿತದ್ದನ್ನು ಮರೆಯದೆ ಇಟ್ಟುಕೊಂಡಿದೆಯೇ ಎಂಬುದರ ಮೇಲೆ ಎರಡು ಜೀವಗಳು ನಿಂತಿರುತ್ತವೆ. ಆದ್ದರಿಂದ ಈ ಮಾತಿಗೆ ಇದಕ್ಕಿಂತ ತಕ್ಕ ವೇದಿಕೆ ಇಲ್ಲವೆಂದೇ ನನ್ನ ಭಾವನೆ.

ಮೊದಲು ನಮ್ಮ ಊರುಗಳನ್ನು ನೆನಪಿಸಿಕೊಳ್ಳೋಣ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ - ಈ ನಾಲ್ಕು ತಾಲ್ಲೂಕುಗಳು 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ರಾಮನಗರ ಜಿಲ್ಲೆಯಾದವು. ಮುಂದೆ ಹಾರೋಹಳ್ಳಿಯೂ ತಾಲ್ಲೂಕಾಯಿತು. 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ಹೆಸರು ಏನೇ ಆಗಲಿ, ನಮ್ಮ ಜನಕ್ಕೆ ಒಂದು ಅಭ್ಯಾಸ ಉಳಿದುಬಂದಿದೆ. ಹೆರಿಗೆ ಸ್ವಲ್ಪ ಕಷ್ಟವಾಯಿತೆಂದರೆ "ಬೆಂಗಳೂರಿಗೆ ಕರೆದುಕೊಂಡು ಹೋಗಿ" ಎನ್ನುತ್ತೇವೆ. ವಾಣಿವಿಲಾಸ ಆಸ್ಪತ್ರೆ 1935ರಿಂದ ಸುತ್ತಲಿನ ಜಿಲ್ಲೆಗಳ ತಾಯಂದಿರಿಗೆ ಆಸರೆಯಾಗಿ ನಿಂತಿದೆ, ನಿಜ. ಆದರೆ ನಮ್ಮ ತಾಲ್ಲೂಕು ಕೇಂದ್ರಗಳಿಂದ ಅಲ್ಲಿಗೆ ಹೆಚ್ಚುಕಡಿಮೆ ಐವತ್ತು ಅರವತ್ತು ಕಿಲೋಮೀಟರ್ ದಾರಿ. ಕನಕಪುರದಿಂದಾಚೆ ಕಾವೇರಿಯ ಕಡೆಯ ಕಾಡಂಚಿನ ಹಳ್ಳಿಗಳಿಗೆ, ಮಾಗಡಿಯ ಬೆಟ್ಟದ ಬುಡದ ಊರುಗಳಿಗೆ ಇನ್ನೂ ದೂರ. ಹೆರಿಗೆಯಾದ ಮೇಲೆ ವಿಪರೀತ ರಕ್ತ ಹೋಗಲು ಶುರುವಾದರೆ ಎರಡು ಗಂಟೆಯೊಳಗೆ ತಾಯಿಯ ಪ್ರಾಣ ಹೋಗಬಹುದು. ಹುಟ್ಟಿದ ಮಗು ಉಸಿರಾಡದಿದ್ದರೆ ಗಂಟೆಯ ಲೆಕ್ಕವೇ ಇಲ್ಲ, ನಿಮಿಷದ ಲೆಕ್ಕ. ಹೊಸ ಹೆದ್ದಾರಿ ಎಷ್ಟು ಅಗಲವಾಗಿದ್ದರೂ ಆ ನಿಮಿಷದೊಳಗೆ ಬೆಂಗಳೂರು ಮುಟ್ಟಲಾಗದು. ಆ ನಿಮಿಷದ ಕೆಲಸ ನಮ್ಮ ಊರಿನಲ್ಲೇ, ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ, ತಾಲ್ಲೂಕು ಆಸ್ಪತ್ರೆಯಲ್ಲೇ ಆಗಬೇಕು.

ಹಾಗೆಂದು ಏನೂ ಆಗಿಲ್ಲವೆಂದು ನಾನು ಹೇಳುತ್ತಿಲ್ಲ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾಗಿ ಊರೂರಿಗೆ ಆಶಾ ಕಾರ್ಯಕರ್ತೆಯರು ಬಂದರು. ಅದೇ ವರ್ಷ ಜನನಿ ಸುರಕ್ಷಾ ಯೋಜನೆ ಬಂತು. 2008ರ ನವೆಂಬರಿನಲ್ಲಿ ನಮ್ಮ ರಾಜ್ಯದಲ್ಲಿ ಆರೋಗ್ಯ ಕವಚ 108 ಆಂಬುಲೆನ್ಸ್ ಓಡಲಾರಂಭಿಸಿತು. 2011ರಲ್ಲಿ ಸರ್ಕಾರಿ ಆಸ್ಪತ್ರೆಯ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ಊಟ, ವಾಹನ ಎಲ್ಲವೂ ಉಚಿತ ಎಂದು ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಜಾರಿಯಾಯಿತು. ಇದರ ಫಲ ಕಾಣುತ್ತಿದೆ. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಶೇಕಡಾ 65ರಷ್ಟು ಹೆರಿಗೆಗಳು ಮಾತ್ರ ಆಸ್ಪತ್ರೆಯಲ್ಲಿ ಆಗುತ್ತಿದ್ದವು. 2019-21ರ ಸಮೀಕ್ಷೆಯಲ್ಲಿ ಅದು ಶೇಕಡಾ 97. ಒಂದು ಲಕ್ಷ ಜೀವಂತ ಜನನಕ್ಕೆ ಸಾಯುವ ತಾಯಂದಿರ ಸಂಖ್ಯೆ 2004-06ರಲ್ಲಿ 213 ಇದ್ದದ್ದು 2018-20ರ ವೇಳೆಗೆ 69ಕ್ಕೆ ಇಳಿಯಿತು. ಅಲ್ಹಮ್ದುಲಿಲ್ಲಾಹ್, ಸಂತೋಷದ ವಿಷಯ. ಆದರೆ ಅದೇ 2018-20ರಲ್ಲಿ ಕೇರಳದಲ್ಲಿ ಆ ಸಂಖ್ಯೆ 19, ತಮಿಳುನಾಡಿನಲ್ಲಿ 54. ದಕ್ಷಿಣದ ಐದು ರಾಜ್ಯಗಳಲ್ಲಿ ನಾವೇ ಹಿಂದೆ.

ಈ ಅಂಕಿಗಳ ಅರ್ಥ ನೋಡಿ. ಹೆರಿಗೆ ಮನೆಯಿಂದ ಆಸ್ಪತ್ರೆಗೆ ಬಂದಿದೆ. ಹಿಂದೆ ನಾವು "ಆಸ್ಪತ್ರೆಗೆ ಬನ್ನಿ" ಎಂದು ತಾಯಂದಿರನ್ನು ಕರೆಯುತ್ತಿದ್ದೆವು. ಅವರು ಬಂದರು. ಈಗ ಉತ್ತರ ಹೇಳಬೇಕಾದವರು ಆಸ್ಪತ್ರೆಯಲ್ಲಿರುವ ನಾವು. ಬಾಗಿಲು ದಾಟಿ ಬಂದ ತಾಯಿಗೆ ಬೇಕಾದ ಕೌಶಲ ನಮ್ಮ ಕೈಯಲ್ಲಿದೆಯೇ?

ಆ ಕೌಶಲ ಏನೆಂದು ಸರಳವಾಗಿ ಹೇಳುತ್ತೇನೆ. ವಿದ್ಯಾರ್ಥಿನಿಯರು ಗಮನವಿಟ್ಟು ಕೇಳಿ. ತಾಯಂದಿರನ್ನು ಕೊಲ್ಲುವ ಕಾರಣಗಳು ನೂರಾರಲ್ಲ, ಕೆಲವೇ ಕೆಲವು.

ಮೊದಲನೆಯದು ರಕ್ತಸ್ರಾವ. ಮಗು ಹುಟ್ಟಿದ ಮೇಲೆ ಗರ್ಭಕೋಶ ಮುಷ್ಟಿಯ ಹಾಗೆ ಬಿಗಿಯಾಗಬೇಕು. ಬಿಗಿಯಾದರೆ ರಕ್ತನಾಳಗಳ ಬಾಯಿ ಮುಚ್ಚುತ್ತದೆ; ಸಡಿಲವಾಗಿಯೇ ಉಳಿದರೆ ನಲ್ಲಿ ಬಿಟ್ಟಂತೆ ರಕ್ತ ಹೋಗುತ್ತದೆ. ಆದ್ದರಿಂದ ಮಗು ಹುಟ್ಟಿದ ಒಂದು ನಿಮಿಷದೊಳಗೆ ತಾಯಿಗೆ 10 ಯೂನಿಟ್ ಆಕ್ಸಿಟೋಸಿನ್ ಇಂಜೆಕ್ಷನ್ ಕೊಡಬೇಕು. ಮಾಸನ್ನು, ನಮ್ಮ ಕಡೆ ಕಸ ಎನ್ನುತ್ತಾರಲ್ಲ, ಅದನ್ನು ಕ್ರಮಬದ್ಧವಾಗಿ ತೆಗೆಯಬೇಕು. ಆಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟು ಗರ್ಭಕೋಶ ಗಟ್ಟಿಯಾಗಿದೆಯೇ ಎಂದು ಮತ್ತೆ ಮತ್ತೆ ನೋಡಬೇಕು. ಆಕ್ಸಿಟೋಸಿನ್ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ಕಿಟಕಿಯ ಮೇಲೆ ಬಿಸಿಲಿನಲ್ಲಿಟ್ಟ ಔಷಧ ಕಷ್ಟಕಾಲದಲ್ಲಿ ಕೈಕೊಡುತ್ತದೆ.

ಎರಡನೆಯದು ರಕ್ತದೊತ್ತಡ. ನಮ್ಮ ಹಿರಿಯರು ನಂಜು ಎನ್ನುತ್ತಿದ್ದರು. ಮುಖ ಕೈಕಾಲು ಊತ, ತಲೆನೋವು, ಕಣ್ಣು ಮಂಜಾಗುವುದು, ಕೊನೆಗೆ ಫಿಟ್ಸ್. ಫಿಟ್ಸ್ ಬಂದವಳಿಗೆ ಮೈಮೇಲೆ ಗಾಳಿ ಬಂದಿದೆ ಎಂದು ದರ್ಗಾದ ದಾರಿ ಹಿಡಿದವರನ್ನು ನೋಡಿದ್ದೇನೆ, ಗುಡಿಯ ದಾರಿ ಹಿಡಿದವರನ್ನೂ ನೋಡಿದ್ದೇನೆ. ಇದಕ್ಕೆ ಮದ್ದು ಮ್ಯಾಗ್ನೀಷಿಯಂ ಸಲ್ಫೇಟ್ ಎಂಬ ಅಗ್ಗದ ಇಂಜೆಕ್ಷನ್. ದೊಡ್ಡಾಸ್ಪತ್ರೆಗೆ ಕಳಿಸುವ ಮುನ್ನ ಮೊದಲ ಡೋಸನ್ನು ಎ.ಎನ್.ಎಂ. ಸಿಸ್ಟರ್ ಅವರೇ ಕೊಡಬಹುದೆಂದು ಸರ್ಕಾರದ ಮಾರ್ಗಸೂಚಿ ಹೇಳುತ್ತದೆ. ಕೊಡುವ ಧೈರ್ಯ ಬರುವುದು ತರಬೇತಿಯಿಂದ.

ಮೂರನೆಯದು ತಡೆದು ನಿಂತ ಹೆರಿಗೆ. ನೋವು ಶುರುವಾಗಿ ಎಷ್ಟು ಹೊತ್ತಾಯಿತು, ಗರ್ಭಕೋಶದ ಬಾಯಿ ಎಷ್ಟು ತೆರೆದಿದೆ, ಮಗುವಿನ ಎದೆಬಡಿತ ಎಷ್ಟು ಎಂದು ಪಾರ್ಟೋಗ್ರಾಫ್ ಎಂಬ ಒಂದೇ ಹಾಳೆಯಲ್ಲಿ ಗುರುತಿಸುತ್ತಾ ಹೋದರೆ, ಗೆರೆ ದಾಟಿದ ಕೂಡಲೇ ಕಳಿಸಬೇಕೆಂದು ಹಾಳೆಯೇ ಹೇಳುತ್ತದೆ. ಹೆರಿಗೆಯೆಲ್ಲ ಮುಗಿದ ಮೇಲೆ ಫೈಲಿಗಾಗಿ ತುಂಬಿಸಿದ ಹಾಳೆ ಯಾರನ್ನೂ ಉಳಿಸುವುದಿಲ್ಲ. ನಾಲ್ಕನೆಯದು ಸೋಂಕು. ಅದಕ್ಕೆ ಮೊದಲ ಮದ್ದು ಸೋಪು ಹಾಕಿ ತೊಳೆದ ಕೈ. ದಿನಕ್ಕೆ ಐದು ಹೊತ್ತು ವುಝೂ ಮಾಡುವ ನಮಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ.

ಇನ್ನು ಮಗು. ಹುಟ್ಟುವ ಹತ್ತು ಮಕ್ಕಳಲ್ಲಿ ಹೆಚ್ಚುಕಡಿಮೆ ಒಂದು ಮಗುವಿಗೆ ಉಸಿರು ತೆಗೆದುಕೊಳ್ಳಲು ಸ್ವಲ್ಪ ಸಹಾಯ ಬೇಕಾಗುತ್ತದೆ. ಒಣಗಿದ ಬೆಚ್ಚನೆಯ ಬಟ್ಟೆಯಿಂದ ಮೈ ಒರೆಸುವುದು, ತಲೆಯನ್ನು ಸರಿಯಾದ ಭಂಗಿಯಲ್ಲಿಡುವುದು, ಬೆನ್ನು ನೀವುವುದು - ಹೆಚ್ಚಿನ ಮಕ್ಕಳು ಇಷ್ಟಕ್ಕೇ ಅಳುತ್ತವೆ. ಅಳದಿದ್ದರೆ ಒಂದು ನಿಮಿಷದೊಳಗೆ ಆಂಬು ಬ್ಯಾಗ್ ಮತ್ತು ಮಾಸ್ಕ್‌ನಿಂದ ಗಾಳಿ ಕೊಡಲು ತೊಡಗಬೇಕು, ನಿಮಿಷಕ್ಕೆ ಸುಮಾರು 40 ಸಲ. ಎದೆ ಏರಿಳಿಯುತ್ತಿದೆಯೇ ಎಂದು ಕಣ್ಣಿಟ್ಟಿರಬೇಕು. ಇದನ್ನೇ ತರಬೇತಿಯಲ್ಲಿ ಚಿನ್ನದ ನಿಮಿಷ ಎನ್ನುತ್ತೇವೆ. ಇದಕ್ಕೆ ದೊಡ್ಡ ಯಂತ್ರ ಬೇಡ, ಕರೆಂಟು ಬೇಡ, ಎಂ.ಬಿ.ಬಿ.ಎಸ್. ಕೂಡ ಬೇಡ.

ಇಲ್ಲಿ ನನ್ನದೇ ಒಂದು ಸಂಗತಿ ಹೇಳಬೇಕು. ಹೇಳಲು ಹೆಮ್ಮೆಯ ವಿಷಯವಲ್ಲ.

ಹಲವು ವರ್ಷಗಳ ಹಿಂದಿನ ಮಾತು. ನಾನು ಆಗ ಕೆಲಸಕ್ಕೆ ಹೊಸಬಳು. ನವಜಾತ ಶಿಶುವಿನ ಉಸಿರಾಟದ ತರಬೇತಿ ಮುಗಿಸಿದ್ದೆ, ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಮನೆಯ ಗೋಡೆಗೂ ಹಾಕಿದ್ದೆ. ಒಂದು ರಾತ್ರಿ, ರೇಷ್ಮೆ ಫಿಲೇಚರಿನಲ್ಲಿ ಕೆಲಸ ಮಾಡುವ ಮನೆಯ ಹೆಣ್ಣುಮಗಳು, ಮೊದಲ ಹೆರಿಗೆ. ಮಗು ಹುಟ್ಟಿತು, ಅಳಲಿಲ್ಲ. ಒರೆಸಿದೆ, ಬೆನ್ನು ನೀವಿದೆ, ಅಳಲಿಲ್ಲ. ಆಂಬು ಬ್ಯಾಗ್ ಎಂದು ಕೂಗಿದೆ. ಅದು ಬೀರುವಿನಲ್ಲಿತ್ತು. ಬೀರುವಿಗೆ ಬೀಗ. ಬೀಗದ ಕೈ ಡ್ಯೂಟಿ ಮುಗಿಸಿ ಹೋದವರ ಕೈಚೀಲದಲ್ಲಿ. ಹೊಸ ಸಾಮಾನು, ಕಳೆದುಹೋದರೆ ಆಡಿಟ್‌ಗೆ ಉತ್ತರ ಕೊಡಬೇಕೆಂದು ಜೋಪಾನವಾಗಿ ಇಟ್ಟಿದ್ದರು. ಬೀಗ ಒಡೆದು ತೆಗೆಯುವಷ್ಟರಲ್ಲಿ ಎಷ್ಟು ಹೊತ್ತಾಯಿತೋ ನಾನು ಗಡಿಯಾರ ನೋಡಲಿಲ್ಲ. ಮಾಸ್ಕ್ ಹಿಡಿದಾಗ ನನ್ನ ಕೈ ನಡುಗುತ್ತಿತ್ತು. ತರಬೇತಿಯಾದ ಮೇಲೆ ನಾನು ಒಂದು ಸಲವೂ ಗೊಂಬೆಯ ಮೇಲೆ ಅಭ್ಯಾಸ ಮಾಡಿರಲಿಲ್ಲ. ಮಾಸ್ಕಿನ ಅಂಚಿನಿಂದ ಗಾಳಿ ಸೋರಿಹೋಗುತ್ತಿತ್ತು, ಎದೆ ಏಳಲಿಲ್ಲ. ಹೊರಗೆ ಮಗುವಿನ ಅಜ್ಜ, ಮೊಮ್ಮಗುವಿನ ಕಿವಿಯಲ್ಲಿ ಅಝಾನ್ ಹೇಳಲು ಟೋಪಿ ಹಾಕಿಕೊಂಡು ಕಾದು ನಿಂತಿದ್ದರು. ಅವರ ಎದುರಿಗೆ ಹೋಗಿ ನಿಲ್ಲಬೇಕಾಯಿತು. ಅವರು ನನ್ನನ್ನು ಬೈಯಲಿಲ್ಲ. "ಅಲ್ಲಾಹನ ಇಚ್ಛೆ ಮಗಳೇ" ಎಂದರು.

ಅವರ ಸಹನೆ ಅವರ ಈಮಾನ್. ಆದರೆ ಬೀಗದ ಬೀರುವನ್ನೂ ಅಭ್ಯಾಸವಿಲ್ಲದ ನನ್ನ ಕೈಯನ್ನೂ ಅಲ್ಲಾಹನ ಇಚ್ಛೆಯ ಲೆಕ್ಕಕ್ಕೆ ಹಾಕಲು ನನಗೆ ಹಕ್ಕಿಲ್ಲ. ಅಂದಿನಿಂದ ನಾನು ಹೋದ ಹೆರಿಗೆ ಕೋಣೆಯಲ್ಲೆಲ್ಲ ಮೊದಲು ಕೇಳುವ ಪ್ರಶ್ನೆ ಒಂದೇ: "ಬ್ಯಾಗ್ ಎಲ್ಲಿದೆ, ತೋರಿಸಿ." ಎರಡನೆಯ ಪ್ರಶ್ನೆ: "ಕಳೆದ ವಾರ ಅಭ್ಯಾಸ ಮಾಡಿದವರು ಯಾರು?"

ನಮ್ಮ ಊರಿನ ಕಸುಬುಗಳೇ ಇದನ್ನು ನಮಗೆ ಕಲಿಸುತ್ತವೆ. ಚನ್ನಪಟ್ಟಣದ ಬಣ್ಣದ ಗೊಂಬೆ ಮಾಡುವವರನ್ನು ಕೇಳಿ. ತಿರುಗುವ ಮರಕ್ಕೆ ಉಳಿ ಎಷ್ಟು ಒತ್ತಬೇಕು, ಅರಗು ಯಾವಾಗ ಮುಟ್ಟಿಸಬೇಕು ಎಂಬುದನ್ನು ಯಾವ ಉಸ್ತಾದರೂ ಕಪ್ಪು ಹಲಗೆಯ ಮೇಲೆ ಬರೆದು ಕಲಿಸಲಿಲ್ಲ. ರಾಮನಗರದ ಫಿಲೇಚರಿನಲ್ಲಿ ಬಿಸಿನೀರಿನಲ್ಲಿ ತೇಲುವ ಗೂಡಿನಿಂದ ಕಣ್ಣಿಗೆ ಕಾಣದಂತಹ ಎಳೆಯನ್ನು ಬೆರಳು ಹುಡುಕಿ ಹಿಡಿಯುತ್ತದೆ. ಆರು ತಿಂಗಳು ಬಿಟ್ಟರೆ ಬೆರಳು ಮರೆಯುತ್ತದೆ. ಮಗುವಿನ ಮುಖದ ಮೇಲೆ ಮಾಸ್ಕ್ ಕೂರಿಸುವುದೂ ಅಂಥದ್ದೇ ಕೈಕೆಲಸ. ಕಲಿತರೆ ಸಾಲದು, ಬಿಡದೆ ಮಾಡುತ್ತಿರಬೇಕು.

ತರಬೇತಿಯಿಂದ ನಿಜವಾಗಿ ಜೀವ ಉಳಿಯುತ್ತದೆಯೇ ಎಂದು ಕೇಳುವವರಿಗೆ ನಮ್ಮ ರಾಜ್ಯದಲ್ಲೇ ಉತ್ತರವಿದೆ. ಆಗಿನ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಒಂದು ಅಧ್ಯಯನ ನಡೆಸಿದರು. 2006ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 1620 ತಾಯಂದಿರಿದ್ದರು. ಎ.ಎನ್.ಎಂ.ಗಳೇ ಹೆರಿಗೆಯಾದ ಕೂಡಲೇ ಮಿಸೋಪ್ರೊಸ್ಟಾಲ್ ಮಾತ್ರೆ ಕೊಟ್ಟರು. ಮಾತ್ರೆ ಪಡೆಯದವರಲ್ಲಿ ಶೇಕಡಾ 12ರಷ್ಟು ಮಂದಿಗೆ ಅತಿ ರಕ್ತಸ್ರಾವವಾದರೆ, ಪಡೆದವರಲ್ಲಿ ಅದು ಶೇಕಡಾ 6.4. ಅಲ್ಲಿಯೇ ಇನ್ನೊಂದು ಸರಳ ಸಾಧನ ಬಳಕೆಗೆ ಬಂತು. ತಾಯಿಯ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ, ಅದರ ತುದಿಯಲ್ಲಿ ಅಳತೆಯ ಗೆರೆಗಳಿರುವ ಚೀಲ. ಕಣ್ಣಂದಾಜಿನಲ್ಲಿ ಹೇಳಿದ ರಕ್ತದ ಪ್ರಮಾಣ, ಚೀಲದಲ್ಲಿ ಅಳೆದದ್ದಕ್ಕಿಂತ ಮೂರರಲ್ಲಿ ಒಂದು ಪಾಲು ಕಡಿಮೆ ಇರುತ್ತಿತ್ತೆಂದು ಆಗ ಗೊತ್ತಾಯಿತು. "ಸ್ವಲ್ಪ ಬ್ಲೀಡಿಂಗ್" ಎಂದು ನಾವು ಹೇಳುವುದು ಎಷ್ಟೋ ಸಲ ಸ್ವಲ್ಪವಲ್ಲ. ಅಂಥದೇ ಅಳತೆಯ ಚೀಲದಿಂದ ಬೇಗ ಗುರುತಿಸಿ, ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೇ ಕೊಡುವ ಕ್ರಮವನ್ನು ಆಫ್ರಿಕದ ನಾಲ್ಕು ದೇಶಗಳ ಆಸ್ಪತ್ರೆಗಳಲ್ಲಿ ಕಲಿಸಿದಾಗ ತೀವ್ರ ರಕ್ತಸ್ರಾವ ಮತ್ತು ಅದರ ಕೆಟ್ಟ ಪರಿಣಾಮಗಳು ಸುಮಾರು ಶೇಕಡಾ 60ರಷ್ಟು ಇಳಿದವೆಂದು 2023ರಲ್ಲಿ ವರದಿಯಾಯಿತು.

ಮಕ್ಕಳ ವಿಷಯಕ್ಕೂ ಬೆಳಗಾವಿಯದೇ ಉದಾಹರಣೆ. ಅಲ್ಲಿ 599 ಹೆರಿಗೆ ಸಿಬ್ಬಂದಿಗೆ ಚಿನ್ನದ ನಿಮಿಷದ ತರಬೇತಿ ಕೊಡಲಾಯಿತು. 2013ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ಸತ್ತು ಹುಟ್ಟಿದವೆಂದು ಬರೆಯಲಾಗುತ್ತಿದ್ದ ಮಕ್ಕಳ ಪ್ರಮಾಣ ಶೇಕಡಾ 3ರಿಂದ 2.3ಕ್ಕೆ ಇಳಿಯಿತು. ಹೆರಿಗೆಗೆ ಸ್ವಲ್ಪ ಮುಂಚೆಯಷ್ಟೇ ಸತ್ತವೆಂದು ಕಾಣುತ್ತಿದ್ದ ಮಕ್ಕಳಂತೂ 1.7ರಿಂದ 0.9ಕ್ಕೆ, ಅಂದರೆ ಅರ್ಧದಷ್ಟಕ್ಕೆ ಇಳಿದವು. ಇದರ ಅರ್ಥ ಯೋಚಿಸಿ. ಸತ್ತಿದೆಯೆಂದು ಬಟ್ಟೆ ಮುಚ್ಚಿ ಪಕ್ಕಕ್ಕಿಡುತ್ತಿದ್ದ ಮಕ್ಕಳಲ್ಲಿ ಕೆಲವು ಸತ್ತಿರಲಿಲ್ಲ. ಉಸಿರು ಕೊಡುವ ಕೈಗೆ ಕಾಯುತ್ತಿದ್ದವು.

ಆದರೆ ಪೂರ್ತಿ ಸತ್ಯ ಹೇಳಬೇಕು. ಅದೇ ಅಧ್ಯಯನದಲ್ಲಿ 28 ದಿನಗಳೊಳಗಿನ ಮಕ್ಕಳ ಸಾವು ಕಡಿಮೆಯಾಗಲಿಲ್ಲ. ಮೊದಲ ನಿಮಿಷ ಉಳಿಸಿದ ಮಗುವನ್ನು ಮುಂದಿನ ನಾಲ್ಕು ವಾರ ಕಾಯುವವರೂ ಬೇಕು ಎಂದಾಯಿತು. ಅದಕ್ಕಾಗಿಯೇ ಆಶಾ ಕಾರ್ಯಕರ್ತೆಯರಿಗೆ ಮನೆಭೇಟಿಯ ತರಬೇತಿ ಕೊಟ್ಟಿರುವುದು. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು 3, 7, 14, 21, 28 ಮತ್ತು 42ನೇ ದಿನ ಆಕೆ ಮನೆಗೆ ಬಂದು ನೋಡಬೇಕು. ತೂಕ ಹಾಕುತ್ತಾಳೆ, ಮೈ ಬಿಸಿ ನೋಡುತ್ತಾಳೆ, ಹಾಲು ಕುಡಿಯುತ್ತಿದೆಯೇ ಎಂದು ಕೇಳುತ್ತಾಳೆ. ಬಾಗಿಲಲ್ಲೇ ನಿಲ್ಲಿಸಿ "ಎಲ್ಲ ಚೆನ್ನಾಗಿದೆ, ಹೋಗಿ" ಎಂದು ಕಳಿಸಬೇಡಿ. ಒಳಗೆ ಕರೆಯಿರಿ.

ಸರ್ಕಾರದ ತರಬೇತಿಗಳು ಹಲವಾರಿವೆ. ಎ.ಎನ್.ಎಂ. ಮತ್ತು ಸ್ಟಾಫ್ ನರ್ಸ್‌ಗಳಿಗೆ ಮೂರು ವಾರದ ಕುಶಲ ಹೆರಿಗೆ ತರಬೇತಿ, 2009ರಲ್ಲಿ ಬಂದ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮದ ಎರಡು ದಿನದ ತರಬೇತಿ. ಎಂ.ಬಿ.ಬಿ.ಎಸ್. ವೈದ್ಯರಿಗೆ ಸಿಸೇರಿಯನ್ ಕಲಿಸಲು 16 ವಾರ, ಅರಿವಳಿಕೆ ಕೊಡಲು ಕಲಿಸಲು 18 ವಾರದ ತರಬೇತಿಗಳು ರೂಪುಗೊಂಡವು. ತಜ್ಞರಿಲ್ಲದ ತಾಲ್ಲೂಕು ಆಸ್ಪತ್ರೆಯಲ್ಲೂ ರಾತ್ರಿ ಹೊತ್ತು ಆಪರೇಷನ್ ಆಗಲೆಂಬುದು ಉದ್ದೇಶ. ಇವೆಲ್ಲ ಒಳ್ಳೆಯವೇ. ಆದರೆ ತರಬೇತಿಗೆ ಹೋಗಿ ಬಂದವರನ್ನು ಆಮೇಲೆ ಯಾರು ನೋಡುತ್ತಾರೆ? ಉತ್ತರ ಕರ್ನಾಟಕದ ಎಂಟು ಜಿಲ್ಲೆಗಳಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟಿನವರು 2010ರ ದಶಕದ ಮೊದಲ ಭಾಗದಲ್ಲಿ ಸರ್ಕಾರದೊಡನೆ ನಡೆಸಿದ 'ಸುಕ್ಷೇಮ' ಯೋಜನೆಯಲ್ಲಿ ಇದಕ್ಕೆ ದಾರಿ ತೋರಿಸಿದರು. ಅನುಭವಿ ನರ್ಸ್‌ಗಳು ಮಾರ್ಗದರ್ಶಕಿಯರಾಗಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೇ ಹೋಗಿ, ಅಲ್ಲಿನ ಸಿಸ್ಟರ್‌ಗಳ ಪಕ್ಕದಲ್ಲಿ ನಿಂತು, ಕೇಸ್ ಶೀಟ್ ತೆರೆದು, ಔಷಧಿ ಟ್ರೇ ನೋಡಿ ಕಲಿಸಿದರು. ತಪ್ಪು ಹುಡುಕುವ ಇನ್‌ಸ್ಪೆಕ್ಷನ್ ಅಲ್ಲ, ಅಕ್ಕ ತಂಗಿಗೆ ಹೇಳಿಕೊಟ್ಟ ಹಾಗೆ. ನಮ್ಮ ತಾಲ್ಲೂಕುಗಳಿಗೂ ಬೇಕಾದದ್ದು ಇದೇ.

ಇಲ್ಲಿ ನಮ್ಮ ಹಳೆಯ ಸೂಲಗಿತ್ತಿಯರನ್ನು, ನಮ್ಮ ಮನೆಗಳ ದಾಯಿಯರನ್ನು ಹೀಗಳೆಯುವುದು ಬೇಡ. ಪಕ್ಕದ ತುಮಕೂರು ಜಿಲ್ಲೆಯ ಪಾವಗಡದ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಅದೇ ವರ್ಷದ ಕೊನೆಯಲ್ಲಿ ತೀರಿಕೊಂಡರು. ಅವರಿಗೆ ಯಾವ ಸರ್ಟಿಫಿಕೇಟೂ ಇರಲಿಲ್ಲ. ಇದ್ದದ್ದು ಬಿಡದ ಅಭ್ಯಾಸ ಮತ್ತು ತಾಯಿಯೊಡನೆ ಮೃದುವಾದ ಮಾತು. ಆ ಕೈಯ ಅಭ್ಯಾಸ, ಆ ಮಾತು ಮತ್ತು ಇಂದಿನ ಔಷಧ ಮೂರೂ ಒಂದೆಡೆ ಸೇರಿದರೆ ಅದೇ ಒಳ್ಳೆಯ ಹೆರಿಗೆ ಕೋಣೆ. ಆಸ್ಪತ್ರೆಯಲ್ಲಿ ತಾಯಿಯನ್ನು ಗದರಿಸುವ ಸಿಸ್ಟರ್‌ಗಳೂ ಇದ್ದಾರೆ, ಒಪ್ಪುತ್ತೇನೆ. ಗದರಿಕೆಗೆ ಹೆದರಿ ತಡವಾಗಿ ಬಂದ ತಾಯಂದಿರ ಲೆಕ್ಕ ನಮ್ಮ ತಲೆಯ ಮೇಲೇ ಇದೆ.

ಈಗ ನಮ್ಮ ಮನೆಗಳ ಮಾತು. ತಾಯಿಯ ಸಾವಿನ ಹಿಂದೆ ಮೂರು ತಡಗಳಿರುತ್ತವೆ: ಹೊರಡಲು ತಡ, ತಲುಪಲು ತಡ, ತಲುಪಿದ ಮೇಲೆ ಚಿಕಿತ್ಸೆಗೆ ತಡ. ಮೂರನೆಯದು ನಮ್ಮ ಜವಾಬ್ದಾರಿ, ಮೊದಲನೆಯದು ನಿಮ್ಮದು. ಗಂಡ ಮಾರ್ಕೆಟ್ಟಿನಿಂದ ಬರಲಿ, ಅತ್ತೆ ಒಪ್ಪಲಿ, ಲೇಡಿ ಡಾಕ್ಟರ್ ಇದ್ದಾರೋ ಇಲ್ಲವೋ ವಿಚಾರಿಸೋಣ ಎಂದು ಕಾಯುವ ಹೊತ್ತಿನಲ್ಲಿ ರಕ್ತ ಕಾಯುವುದಿಲ್ಲ. ಏಳನೇ ತಿಂಗಳಿನಲ್ಲೇ ತೀರ್ಮಾನಿಸಿ: ಯಾವ ಆಸ್ಪತ್ರೆ, ಯಾವ ಗಾಡಿ, ಜೊತೆಗೆ ಯಾರು, ರಕ್ತ ಕೊಡುವವರು ಯಾರು. 108 ನಂಬರನ್ನು ಮನೆಯ ಸೊಸೆಯ ಫೋನಿನಲ್ಲೂ ಇಡಿ. ಜೀವಕ್ಕೆ ಅಪಾಯವಿರುವಾಗ ಗಂಡು ವೈದ್ಯರು ನೋಡಿದರೆ ತಪ್ಪಿಲ್ಲವೆಂಬುದನ್ನು ನಿಮ್ಮ ಆಲಿಮರನ್ನೇ ಕೇಳಿ ಮೊದಲೇ ಸ್ಪಷ್ಟಪಡಿಸಿಕೊಳ್ಳಿ; ಹೆರಿಗೆ ಕೋಣೆಯ ಬಾಗಿಲಲ್ಲಿ ಚರ್ಚೆ ಬೇಡ.

ಮಗು ಹುಟ್ಟಿದ ಮೇಲೆ ಅಝಾನ್ ಹೇಳಿ, ಖಂಡಿತ ಹೇಳಿ. ಮಗು ಉಸಿರಾಡಿ, ತಾಯಿಯ ಎದೆಗೆ ಮೈತಾಗಿ ಬೆಚ್ಚಗೆ ಮಲಗಿರುವಾಗಲೇ ಹೇಳಬಹುದು. ಮೊದಲ ದಿನ ಸ್ನಾನ ಬೇಡ. ಒಂದು ಗಂಟೆಯೊಳಗೆ ತಾಯಿಯ ಹಾಲು ಬೇಕು. ಹಳದಿ ಗಿಣ್ಣುಹಾಲನ್ನು ಹಿಂಡಿ ಚೆಲ್ಲಬೇಡಿ. ಜೇನು ಒಂದು ವರ್ಷದೊಳಗಿನ ಮಗುವಿಗೆ ಅಪಾಯ. ಬಾಯಿಗೆ ಸಿಹಿ ಮುಟ್ಟಿಸುವ ಸಂಪ್ರದಾಯವಿರುವ ಮನೆಯವರು ಮಕ್ಕಳ ವೈದ್ಯರನ್ನು ಕೇಳಿ ಮುಂದುವರಿಯಿರಿ. ಎರಡು ವರ್ಷ ಹಾಲೂಡಿಸುವ ಮಾತು ಕುರ್‌ಆನಿನಲ್ಲೇ ಇದೆಯೆಂದು ನಿಮಗೆ ಗೊತ್ತು.

ಕೊನೆಯದಾಗಿ, ಈ ಸಂಸ್ಥೆಯ ಮುಂದೆ ನನ್ನದೊಂದು ಬೇಡಿಕೆ. ಲೇಡಿ ಡಾಕ್ಟರ್ ಬೇಕು, ಲೇಡಿ ನರ್ಸ್ ಬೇಕು ಎಂದು ಕೇಳುವ ನಾವು ನಮ್ಮ ಹೆಣ್ಣುಮಕ್ಕಳಲ್ಲಿ ಎಷ್ಟು ಜನರನ್ನು ಆ ಕೆಲಸಕ್ಕೆ ಕಳಿಸಿದ್ದೇವೆ? ರಾತ್ರಿ ಡ್ಯೂಟಿ, ಯೂನಿಫಾರಂ, ಗಂಡು ರೋಗಿಗಳು ಎಂದು ಹಿಂಜರಿಯುತ್ತೇವೆ. ಪ್ರವಾದಿವರ್ಯರ (ಸ) ಕಾಲದಲ್ಲಿಯೇ ಮದೀನಾದಲ್ಲಿ ಗಾಯಾಳುಗಳ ಶುಶ್ರೂಷೆ ಮಾಡಿದ ರುಫೈದಾರ ಹೆಸರನ್ನು ಗೌರವದಿಂದ ಹೇಳುತ್ತೇವೆ. ನಮ್ಮ ಮಗಳು ನರ್ಸ್ ಆಗುತ್ತೇನೆಂದರೆ ಮುಖ ಗಂಟಿಕ್ಕುತ್ತೇವೆ. ಪಿ.ಯು.ಸಿ. ಮುಗಿಸಿದ ಹುಡುಗಿಗೆ ಎ.ಎನ್.ಎಂ. ಎರಡು ವರ್ಷ, ಜಿ.ಎನ್.ಎಂ. ಮೂರು ವರ್ಷ, ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷ. ನಮ್ಮ ಊರಿನ ಭಾಷೆ, ನಮ್ಮ ಮನೆಯ ಅತ್ತೆಯ ಮನಸ್ಸು, ಎರಡೂ ಬಲ್ಲ ನರ್ಸ್ ಒಬ್ಬಳು ಹೆರಿಗೆ ಕೋಣೆಯಲ್ಲಿದ್ದರೆ ಹೊರಡುವ ತಡವೂ ಕಡಿಮೆಯಾಗುತ್ತದೆ, ಭಯವೂ ಕಡಿಮೆಯಾಗುತ್ತದೆ.

ಆದ್ದರಿಂದ ಸಂಸ್ಥೆಯ ವಿದ್ಯಾರ್ಥಿವೇತನದಲ್ಲಿ ಒಂದು ಪಾಲನ್ನು ಪ್ರತಿ ವರ್ಷ ನರ್ಸಿಂಗ್ ಓದುವ ಹುಡುಗಿಯರಿಗೆ ಮೀಸಲಿಡಿ, ಪ್ರತಿ ತಾಲ್ಲೂಕಿನಿಂದ ಒಬ್ಬಳಾದರೂ ಸಾಕು. ಊರಿನ ಆರೋಗ್ಯ ಕೇಂದ್ರಕ್ಕೆ ಅಭ್ಯಾಸದ ಗೊಂಬೆಯನ್ನು ದಾನ ಕೊಡಿ. ಚನ್ನಪಟ್ಟಣದವರು ಲೋಕಕ್ಕೆಲ್ಲ ಗೊಂಬೆ ಕೊಟ್ಟವರು. ಹೆರಿಗೆ ಕೋಣೆಗೆ ಒಂದು ಗೊಂಬೆ ಕೊಡುವುದು ನಮಗೆ ಭಾರವಲ್ಲ.

ಜೀವ ಉಳಿಸುವ ಕೆಲಸಕ್ಕೆ ನಮ್ಮ ದೀನಿನಲ್ಲಿ ಎಂತಹ ಸ್ಥಾನವಿದೆಯೆಂದು ಇಲ್ಲಿ ಕುಳಿತ ಹಿರಿಯರು ನನಗಿಂತ ಚೆನ್ನಾಗಿ ಬಲ್ಲರು. ಟೋಪಿ ಹಾಕಿಕೊಂಡು ಬಾಗಿಲಲ್ಲಿ ಕಾಯುವ ಪ್ರತಿಯೊಬ್ಬ ಅಜ್ಜನಿಗೂ ಒಳಗಿನಿಂದ ಮಗುವಿನ ಅಳು ಕೇಳಿಸಲಿ. ಅದಕ್ಕೆ ಬೇಕಾದ ಕೈಗಳನ್ನು ಈ ಸಂಸ್ಥೆ ತಯಾರು ಮಾಡಲಿ, ಇನ್‌ಶಾ ಅಲ್ಲಾಹ್.